ಗಳಿಕೆ ಯಾರ ಲೆಕ್ಕಕ್ಕೆ, ಹೊರೆ ಯಾರ ತಲೆಗೆ?

ದೊಡ್ಡ ಸಂಸ್ಥೆ ಯಾವುದೂ ಒಂದೇ ಕೈಯಿಂದ ನಡೆಯುವುದಿಲ್ಲ. ಗಿರಣಿಯಲ್ಲಿ ನೂಲುವವರು ಬೇರೆ, ನೇಯುವವರು ಬೇರೆ, ಬಣ್ಣ ಹಾಕುವವರು ಬೇರೆ. ಸಾರಿಗೆ ನಿಗಮದಲ್ಲಿ ವಿಭಾಗಗಳುಂಟು, ವಿಭಾಗಗಳ ಕೆಳಗೆ ಡಿಪೋಗಳುಂಟು. ಎರಡು ಅಂಗಡಿ ಇಟ್ಟುಕೊಂಡ ವ್ಯಾಪಾರಿಗೂ ಪೇಟೆಯ ಅಂಗಡಿಯ ಪುಸ್ತಕ ಬೇರೆ, ಸಂತೆಬೀದಿಯ ಅಂಗಡಿಯ ಪುಸ್ತಕ ಬೇರೆ. ದುಡಿಮೆ ಎಲ್ಲರದೂ ಕೂಡಿ ನಡೆಯುತ್ತದೆ. ಹಣ ಬಂದು ಒಂದೇ ಗಲ್ಲದಲ್ಲಿ ಬೀಳುತ್ತದೆ. ವರ್ಷದ ಕೊನೆಗೆ ಆ ಹಣದಲ್ಲಿ ಇಷ್ಟು ಇವರ ಗಳಿಕೆ, ಖರ್ಚಿನಲ್ಲಿ ಇಷ್ಟು ಅವರ ಹೊರೆ ಎಂದು ಭಾಗ ಹಾಕುವವರು ಯಾರು? ಯಾವ ನಿಯಮದ ಮೇಲೆ?

ಈ ಪ್ರಶ್ನೆಯನ್ನು ನಮ್ಮ ಜನ ಸಾಮಾನ್ಯವಾಗಿ ಕೇಳುವುದಿಲ್ಲ. ಅದು ಲೆಕ್ಕಪತ್ರದ ಕೋಣೆಯ ಕೆಲಸ, ನಮಗೇಕೆ ಎಂದು ಸುಮ್ಮನಾಗುತ್ತಾರೆ. ಆದರೆ ಒಂದು ದಿನ ಅದೇ ಕೋಣೆಯಿಂದ ಮಾತು ಹೊರಬೀಳುತ್ತದೆ: “ನಿಮ್ಮ ವಿಭಾಗ ನಷ್ಟದಲ್ಲಿದೆ.” ಆ ಮಾತಿನ ಬೆನ್ನಿಗೇ ಬೋನಸ್ ಕಡಿಮೆಯಾಗುತ್ತದೆ, ಪಾಳಿ ಕಡಿಮೆಯಾಗುತ್ತದೆ, ಹಳ್ಳಿಯ ಬಸ್ಸು ನಿಲ್ಲುತ್ತದೆ, ಖಾಲಿ ಬಿದ್ದ ಹುದ್ದೆ ಖಾಲಿಯಾಗಿಯೇ ಉಳಿಯುತ್ತದೆ. ದುಡಿದವನು ತಬ್ಬಿಬ್ಬಾಗಿ ನಿಲ್ಲುತ್ತಾನೆ. ಮೊದಲಿನಂತೆಯೇ ದುಡಿದ ನಾನು ನಷ್ಟಕ್ಕೆ ಹೇಗೆ ಕಾರಣನಾದೆ ಎಂದು ಕೇಳಿದರೆ ಅವನಿಗೆ ಉತ್ತರ ಹೇಳುವವರಿಲ್ಲ.

ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಲಾಭ ನಷ್ಟಗಳನ್ನು ವಿಭಾಗಗಳಿಗೆ ಹಂಚುವ ನಿಯಮ ಕೇವಲ ಗುಮಾಸ್ತೆಯ ಕೆಲಸವಲ್ಲ. ಅದು ನ್ಯಾಯದ ಪ್ರಶ್ನೆ. ಆ ನಿಯಮ ಸರಿಯಿದ್ದರೆ ದುಡಿಯುವವನಿಗೆ ಹುರುಪು ಬರುತ್ತದೆ, ಸಂಸ್ಥೆ ಬೆಳೆಯುತ್ತದೆ. ಅದು ವಕ್ರವಾಗಿದ್ದರೆ ಎಷ್ಟು ಉಪದೇಶ ಮಾಡಿದರೂ, ಎಷ್ಟು ನೋಟೀಸು ಅಂಟಿಸಿದರೂ ದುಡಿಮೆ ಹೆಚ್ಚುವುದಿಲ್ಲ.

ಮೊದಲು ಗಿರಣಿಯನ್ನೇ ತೆಗೆದುಕೊಳ್ಳೋಣ. ಕೈಲೆಕ್ಕಕ್ಕೆ ಸುಲಭವಾಗುವಂತೆ ಅಂಕಿಗಳನ್ನು ಊಹಿಸಿಕೊಳ್ಳುತ್ತೇವೆ. ಒಂದು ಕಿಲೋ ನೂಲು ತಯಾರಿಸಲು ನೂಲುವ ವಿಭಾಗಕ್ಕೆ 200 ರೂಪಾಯಿ ತಗಲುತ್ತದೆ. ಅದನ್ನು ಬಟ್ಟೆ ಮಾಡಲು ನೇಯುವ ವಿಭಾಗಕ್ಕೆ ಇನ್ನೂ 80 ರೂಪಾಯಿ. ಆ ಬಟ್ಟೆ 330 ರೂಪಾಯಿಗೆ ಮಾರಾಟವಾಗುತ್ತದೆ. ಗಿರಣಿಗೆ ಉಳಿದ ಲಾಭ 50 ರೂಪಾಯಿ, ಇದರಲ್ಲಿ ತಕರಾರಿಲ್ಲ. ಈಗ ನೂಲು ಒಂದು ಶೆಡ್ಡಿನಿಂದ ಇನ್ನೊಂದು ಶೆಡ್ಡಿಗೆ ಹೋಗುವಾಗ ಅದಕ್ಕೆ ಯಾವ ಬೆಲೆ ಬರೆಯಬೇಕು? 200 ಎಂದು ಬರೆದರೆ ಲಾಭದ ಐವತ್ತೂ ನೇಯುವವರದು, ನೂಲುವವರದು ಸೊನ್ನೆ. 250 ಎಂದು ಬರೆದರೆ ಐವತ್ತೂ ನೂಲುವವರದು, ನೇಯುವವರದು ಸೊನ್ನೆ. 270 ಎಂದು ಬರೆದರೆ ನೂಲುವವರಿಗೆ 70 ರೂಪಾಯಿ ಲಾಭ, ನೇಯುವವರಿಗೆ 20 ರೂಪಾಯಿ ನಷ್ಟ! ಮಗ್ಗ ಅದೇ, ಕೈ ಅದೇ, ಬಟ್ಟೆ ಅದೇ, ಗಿರಣಿಯ ಒಟ್ಟು ಲಾಭವೂ ಅದೇ. ಬದಲಾದದ್ದು ಪುಸ್ತಕದಲ್ಲಿ ಬರೆದ ಒಂದು ಅಂಕಿ ಮಾತ್ರ. ಆ ಒಂದು ಅಂಕಿಯಿಂದ ನೇಯುವ ವಿಭಾಗದ ನೂರಾರು ಜನ “ನಷ್ಟದ ಜನ” ಎನಿಸಿಕೊಂಡರು.

ಇದು ಬರಿಯ ತರ್ಕದ ಮಾತಲ್ಲ. ಬೋನಸ್ಸಿನ ಕಾನೂನಿನಲ್ಲಿಯೇ ಇದಕ್ಕೆ ಜಾಗವಿದೆ. 1965ರ ಬೋನಸ್ ಸಂದಾಯ ಕಾಯಿದೆಯ 3ನೆಯ ಕಲಮು ಏನು ಹೇಳಿತು? ಒಂದು ಸಂಸ್ಥೆಗೆ ಎಷ್ಟು ವಿಭಾಗ, ಎಷ್ಟು ಶಾಖೆ ಇದ್ದರೂ ಬೋನಸ್ಸಿನ ಲೆಕ್ಕಕ್ಕೆ ಎಲ್ಲವೂ ಸೇರಿ ಒಂದೇ ಸಂಸ್ಥೆ ಎಂದಿತು. ಆದರೆ ಅಲ್ಲಿಯೇ ಒಂದು ಷರತ್ತನ್ನೂ ಸೇರಿಸಿತು. ಯಾವುದಾದರೂ ವರ್ಷ ಒಂದು ಶಾಖೆಗೆ ಪ್ರತ್ಯೇಕ ಆಸ್ತಿ ಹೊಣೆ ಪಟ್ಟಿ, ಪ್ರತ್ಯೇಕ ಲಾಭ ನಷ್ಟದ ಲೆಕ್ಕ ಮಾಡಿದ್ದರೆ ಆ ವರ್ಷದ ಬೋನಸ್ಸಿಗೆ ಅದು ಬೇರೆ ಸಂಸ್ಥೆಯಾಗುತ್ತದೆ. ಅದಕ್ಕೆ ಮುಂಚೆ ಬೋನಸ್ಸಿಗಾಗಿ ಅದನ್ನು ಮೂಲ ಸಂಸ್ಥೆಯ ಭಾಗವೆಂದೇ ಎಣಿಸುತ್ತಿದ್ದರೆ ಮಾತ್ರ ಹಾಗೆ ಬೇರ್ಪಡಿಸುವಂತಿಲ್ಲ. ಆ ಕಾಯಿದೆಯನ್ನು ಒಳಗೊಂಡ 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಈ ತತ್ತ್ವವೂ ಅದರೊಂದಿಗೆ ಮುಂದುವರಿದಿದೆ. ಲಾಭವಿರಲಿ ಇಲ್ಲದಿರಲಿ, ಕನಿಷ್ಠ ಶೇಕಡಾ 8.33 ಬೋನಸ್ ಕೊಡಲೇಬೇಕೆಂಬ ರಕ್ಷಣೆ ಇರುವುದು ನಿಜ. ಆದರೆ ಅಲ್ಲಿಂದ ಮೇಲೆ ಶೇಕಡಾ 20ರವರೆಗಿನ ದಾರಿ ಲಾಭವನ್ನು ಅವಲಂಬಿಸಿದೆ. ಆ ಲಾಭ ಯಾವ ಶಾಖೆಯದು ಎಂಬುದನ್ನು ತೀರ್ಮಾನಿಸುವುದು ಪುಸ್ತಕ ಬರೆಯುವ ಕೈ.

ಇದರ ಇನ್ನೊಂದು ಮಗ್ಗುಲನ್ನೂ ಓದುಗರು ಅರಿಯಬೇಕು. ಇಂದಿನ ಝಾರ್ಖಂಡದಲ್ಲಿರುವ ಚಾಯ್‌ಬಾಸಾ ಸಿಮೆಂಟ್ ಕಾರ್ಖಾನೆಗೆ ಸುಣ್ಣದ ಕಲ್ಲು ಬರುತ್ತಿದ್ದುದು ಅದೇ ಕಂಪೆನಿಯ ರಾಜಾಂಕಾ ಗಣಿಯಿಂದ. 1955ರಲ್ಲಿ ಗಣಿಯ ಕಾರ್ಮಿಕರು ಮುಷ್ಕರ ಹೂಡಿದರು. ಕಲ್ಲಿಲ್ಲದೆ ಕಾರ್ಖಾನೆಯ ಕೆಲವು ವಿಭಾಗಗಳು ನಿಂತವು. ಅಲ್ಲಿನ ಕಾರ್ಮಿಕರು ಲೇ-ಆಫ್ ಆದರು. ಅವರು ಪರಿಹಾರ ಕೇಳಿದಾಗ ಕಂಪೆನಿಯ ಉತ್ತರ ಹೀಗಿತ್ತು: ಗಣಿಯೂ ಕಾರ್ಖಾನೆಯೂ ಒಂದೇ ಸಂಸ್ಥೆ, ಒಂದು ಭಾಗದ ಮುಷ್ಕರದಿಂದ ಇನ್ನೊಂದು ಭಾಗ ನಿಂತರೆ ಕಾನೂನಿನ ಪ್ರಕಾರ ಪರಿಹಾರವಿಲ್ಲ. 1959ರಲ್ಲಿ ಸುಪ್ರೀಂ ಕೋರ್ಟು ಈ ವಾದವನ್ನು ಒಪ್ಪಿತು. ಒಡೆತನ, ಆಡಳಿತ, ಹಣಕಾಸು ಒಂದೇ ಆಗಿದ್ದು ಒಂದರ ಕೆಲಸ ಇನ್ನೊಂದರ ಕೆಲಸದೊಡನೆ ಹೆಣೆದುಕೊಂಡಿದ್ದರೆ ಎರಡೂ ಒಂದೇ ಎಂಬುದು ಅದರ ತೀರ್ಪಿನ ಸಾರ.

ಈ ತತ್ತ್ವವನ್ನು ನಾವು ಅಲ್ಲಗಳೆಯುವುದಿಲ್ಲ. ಕೆಲಸ ಹೆಣೆದುಕೊಂಡಿದ್ದರೆ ಸಂಸ್ಥೆ ಒಂದೇ ನಿಜ. ಆದರೆ ನಮ್ಮ ಪ್ರಶ್ನೆ ಇಷ್ಟು: ಪರಿಹಾರ ಕೇಳುವ ದಿನ ಒಂದಾಗಿದ್ದದ್ದು ಲಾಭ ಹಂಚುವ ದಿನವೂ ಒಂದಾಗಿಯೇ ಇರಬೇಕಲ್ಲವೆ? ಕಷ್ಟಕ್ಕೆ ಒಂದೇ ಮನೆ, ಸುಖಕ್ಕೆ ಬೇರೆ ಒಲೆ ಎಂದರೆ ಅದಕ್ಕೆ ಸಂಸಾರ ಎನ್ನುವುದಿಲ್ಲ. ವಿಭಾಗಗಳನ್ನು ಬೇರೆಯೆಂದು ಎಣಿಸುವುದೋ ಒಂದೆಂದು ಎಣಿಸುವುದೋ, ಯಾವುದಾದರೂ ಒಂದು ನಿಯಮವಿರಲಿ. ಆ ನಿಯಮ ಎಲ್ಲ ದಿನಕ್ಕೂ ಒಂದೇ ಆಗಿರಲಿ.

ಇನ್ನು ಕೂಡು ಖರ್ಚಿನ ವಿಷಯ. ಇದನ್ನು ನಮ್ಮ ವ್ಯಾಪಾರಿ ಬಂಧುಗಳು ತಮ್ಮ ಅಂಗಡಿಯಿಂದಲೇ ಲೆಕ್ಕ ಹಾಕಿ ನೋಡಬಹುದು. ಒಬ್ಬ ವ್ಯಾಪಾರಿಗೆ ಎರಡು ಅಂಗಡಿಗಳಿವೆ ಎನ್ನೋಣ. ಸರಕಿನ ಅಸಲು ಕಳೆದು ಪೇಟೆಯ ಅಂಗಡಿಯಲ್ಲಿ ತಿಂಗಳಿಗೆ 50 ಸಾವಿರ ರೂಪಾಯಿ ಹುಟ್ಟುತ್ತದೆ; ಆ ಅಂಗಡಿಯದೇ ಖರ್ಚು 20 ಸಾವಿರ; ಉಳಿಯುವುದು 30 ಸಾವಿರ. ಸಂತೆಬೀದಿಯ ಅಂಗಡಿಯಲ್ಲಿ 30 ಸಾವಿರ ಹುಟ್ಟುತ್ತದೆ. ಖರ್ಚು 22 ಸಾವಿರ. ಉಳಿಯುವುದು 8 ಸಾವಿರ. ಎರಡಕ್ಕೂ ಸೇರಿದ ಗೋದಾಮಿನ ಬಾಡಿಗೆ, ಲೆಕ್ಕ ಬರೆಯುವವನ ಸಂಬಳ, ಸರಕು ಗಾಡಿಯ ಖರ್ಚು ಒಟ್ಟು 24 ಸಾವಿರ. ಈ ಕೂಡು ಖರ್ಚನ್ನು ಹುಟ್ಟುವಳಿಗೆ ತಕ್ಕಂತೆ ಹಂಚಿದರೆ ಪೇಟೆಯ ಅಂಗಡಿಗೆ 15 ಸಾವಿರ, ಸಂತೆಬೀದಿಯ ಅಂಗಡಿಗೆ 9 ಸಾವಿರ ಬೀಳುತ್ತದೆ. ಆಗ ಪೇಟೆಯಲ್ಲಿ 15 ಸಾವಿರ ಲಾಭ, ಸಂತೆಬೀದಿಯಲ್ಲಿ ಒಂದು ಸಾವಿರ ನಷ್ಟ.

ನಷ್ಟದ ಅಂಗಡಿಯನ್ನು ಮುಚ್ಚಿಬಿಡೋಣ ಎಂದು ಆತ ಬಾಗಿಲು ಹಾಕಿದನೆನ್ನೋಣ. ಗೋದಾಮಿನ ಬಾಡಿಗೆ ನಿಂತೀತೆ? ಲೆಕ್ಕ ಬರೆಯುವವನ ಸಂಬಳ ಅರ್ಧವಾದೀತೆ? ಕೂಡು ಖರ್ಚಿನ 24 ಸಾವಿರವೂ ಪೇಟೆಯ ಅಂಗಡಿಯ ಮೇಲೆಯೇ ಬಂದು ಕೂರುತ್ತದೆ. 30ರಲ್ಲಿ 24 ಕಳೆದರೆ 6 ಸಾವಿರ. ಎರಡಂಗಡಿ ಇದ್ದಾಗ ಮನೆಗೆ ಬರುತ್ತಿದ್ದದ್ದು 14 ಸಾವಿರ. ನಷ್ಟ ತಪ್ಪಿಸಲು ಹೋಗಿ ಎಂಟು ಸಾವಿರ ಕಳೆದುಕೊಂಡಂತಾಯಿತು. ಸಂತೆಬೀದಿಯ ಅಂಗಡಿ ನಷ್ಟದ್ದಾಗಿರಲಿಲ್ಲ. ಕೂಡು ಹೊರೆಯಲ್ಲಿ ಎಂಟು ಸಾವಿರವನ್ನು ಅದೂ ಹೊತ್ತಿತ್ತು. ನಷ್ಟ ಎಂಬುದು ಹಂಚಿಕೆಯ ನಿಯಮದಿಂದ ಹುಟ್ಟಿದ ಮಾತಾಗಿತ್ತು.

ಒಬ್ಬ ಬುದ್ಧಿವಂತ ವ್ಯಾಪಾರಿ ಈ ತಪ್ಪು ಮಾಡಲಾರ. ಎರಡು ಅಂಗಡಿಯನ್ನೂ ಅವನು ದಿನವೂ ಕಣ್ಣಾರೆ ಕಾಣುತ್ತಾನೆ. ಆದರೆ ನೂರಾರು ಮೈಲಿ ದೂರದ ಕಚೇರಿಯಲ್ಲಿ ಕುಳಿತು ಡಿಪೋಗಳ ಪಟ್ಟಿಯನ್ನಷ್ಟೇ ನೋಡುವವರು ಈ ತಪ್ಪು ಮಾಡಬಲ್ಲರು. ಆದ್ದರಿಂದಲೇ ನಮ್ಮ ರಾಜ್ಯದ ಸಾರಿಗೆ ನಿಗಮಗಳ ಮಾತನ್ನು ಇಲ್ಲಿ ಎತ್ತುತ್ತಿದ್ದೇವೆ. ಗಿರಣಿಗೆ ಹೋಗುವ ಮಜೂರನಿಗೂ, ಸಂತೆಗೆ ಸರಕು ಹೊರುವ ವ್ಯಾಪಾರಿಗೂ ಅವುಗಳ ಬಸ್ಸೇ ಕಾಲು.

1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಮೈಸೂರು ಸರಕಾರದ ರಸ್ತೆ ಸಾರಿಗೆ ಇಲಾಖೆ ಆರಂಭವಾಯಿತು. 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. 1997ರಲ್ಲಿ ಬೆಂಗಳೂರು ನಗರದ ಸಾರಿಗೆಯನ್ನೂ, ಅದೇ ವರ್ಷ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟು ವಾಯವ್ಯ ಕರ್ನಾಟಕದ ಸಾರಿಗೆಯನ್ನೂ, 2000ದಲ್ಲಿ ಕಲಬುರಗಿಯನ್ನು ಕೇಂದ್ರವಾಗಿಟ್ಟು ಈಶಾನ್ಯ ಕರ್ನಾಟಕದ ಸಾರಿಗೆಯನ್ನೂ ಬೇರೆ ಬೇರೆ ನಿಗಮಗಳಾಗಿ ಮಾಡಲಾಯಿತು. ಈ ಕೊನೆಯದಕ್ಕೆ 2021ರಿಂದ ಕಲ್ಯಾಣ ಕರ್ನಾಟಕದ ಹೆಸರು ಬಂದಿದೆ. ಹೀಗೆ ಒಂದು ನಾಲ್ಕಾಯಿತು. ಆಡಳಿತ ಜನರ ಹತ್ತಿರಕ್ಕೆ ಬರಲಿ ಎಂಬ ಕಾರಣಕ್ಕೆ ನಮ್ಮ ವಿರೋಧವಿಲ್ಲ. ಆದರೆ ಒಂದು ಪುಸ್ತಕ ನಾಲ್ಕು ಪುಸ್ತಕವಾದ ದಿನದಿಂದ ಹಂಚಿಕೆಯ ನಿಯಮದ ತೂಕ ನಾಲ್ಕು ಪಟ್ಟು ಹೆಚ್ಚಿತು ಎಂಬುದನ್ನು ಮರೆಯುವಂತಿಲ್ಲ.

ಬಸ್ಸಿನ ಗಳಿಕೆಯನ್ನು ಕಿಲೋಮೀಟರಿಗೆ ಇಷ್ಟು ರೂಪಾಯಿ ಎಂದು ಅಳೆಯುತ್ತಾರೆ. ಆ ಗಳಿಕೆ ಟಿಕೆಟು ಹರಿದ ಬಸ್ಸಿನ ಹೆಸರಿಗೆ ಸೇರುತ್ತದೆ. ಈಗ ಒಂದು ಹಳ್ಳಿಯ ದಾರಿಯನ್ನು ನೋಡಿ. ಬೆಳಗಿನ ಬಸ್ಸು ಹತ್ತಿದವನು ತಾಲೂಕು ಕೇಂದ್ರಕ್ಕೆ ಸಣ್ಣ ಟಿಕೆಟು ಕೊಳ್ಳುತ್ತಾನೆ. ಅಲ್ಲಿ ಇಳಿದು ಬೆಂಗಳೂರಿನ ಬಸ್ಸಿಗೆ ದೊಡ್ಡ ಟಿಕೆಟು ಕೊಳ್ಳುತ್ತಾನೆ. ದೊಡ್ಡ ಟಿಕೆಟಿನ ಹಣ ಬೆಂಗಳೂರಿನ ಬಸ್ಸಿಗೆ, ಅನೇಕ ಸಲ ಬೇರೊಂದು ಡಿಪೋಗೆ, ಕೆಲವು ಸಲ ಬೇರೊಂದು ನಿಗಮಕ್ಕೇ ಸೇರುತ್ತದೆ. ಕೆಸರಿನ ದಾರಿಯಲ್ಲಿ ಆ ಪ್ರಯಾಣಿಕನನ್ನು ಕರೆತಂದ ಬಸ್ಸಿನ ಹೆಸರಿಗೆ ನಷ್ಟ ನಿಲ್ಲುತ್ತದೆ. ಡಾಂಬರು ರಸ್ತೆಯಲ್ಲಿ ಅವನನ್ನು ಕೂರಿಸಿಕೊಂಡ ಬಸ್ಸು ಲಾಭದ ಬಸ್ಸು ಎನಿಸಿಕೊಳ್ಳುತ್ತದೆ. ನಷ್ಟವೆಂದು ಹಳ್ಳಿಯ ಬಸ್ಸನ್ನು ಕಿತ್ತರೆ ಬೆಂಗಳೂರಿನ ಬಸ್ಸಿನಲ್ಲಿಯೂ ಸೀಟು ಖಾಲಿಯಾಗುತ್ತದೆ. ತಾಲೂಕಿನ ಪೇಟೆಯಲ್ಲಿ ಗಿರಾಕಿ ಕಡಿಮೆಯಾಗುತ್ತದೆ. ಅಂಗಡಿಯವನಿಗೂ ಅದರ ಬಿಸಿ ತಟ್ಟುತ್ತದೆ.

ಕೂಡಿ ಗಳಿಸಿದ್ದನ್ನು ಹಂಚುವುದು ಆಗದ ಮಾತೇನಲ್ಲ. ರೈಲ್ವೆಯವರು ಇದನ್ನು ಬಹುಕಾಲದಿಂದ ಮಾಡುತ್ತಿದ್ದಾರೆ. ಹುಬ್ಬಳ್ಳಿಯನ್ನು ಕೇಂದ್ರವಾಗುಳ್ಳ ನೈಋತ್ಯ ರೈಲ್ವೆ 2003ರಲ್ಲಿ ಹುಟ್ಟಿತು. ಇಲ್ಲಿ ಗಾಡಿ ಹತ್ತಿ ಹಲವು ವಲಯ ದಾಟಿ ದಿಲ್ಲಿಗೆ ಹೋಗುವವನ ಹಣವೆಲ್ಲ ಟಿಕೆಟು ಮಾರಿದ ವಲಯಕ್ಕೇ ಉಳಿಯುವುದಿಲ್ಲ. ಮುಖ್ಯವಾಗಿ ಸಾಗಿದ ದೂರವನ್ನು ಹಿಡಿದು ದಾರಿಯ ವಲಯಗಳಿಗೆಲ್ಲ ಅದನ್ನು ಹಂಚುತ್ತಾರೆ. ಬಸ್ಸಿನಲ್ಲಿ ಈಗ ಟಿಕೆಟು ಹರಿಯುವುದು ಯಂತ್ರ. ಯಾರು ಎಲ್ಲಿ ಹತ್ತಿ ಎಲ್ಲಿ ಇಳಿದರು ಎಂಬ ಲೆಕ್ಕ ಪ್ರತಿ ದಿನವೂ ಕೈಗೆ ಸಿಗುತ್ತದೆ. ದೊಡ್ಡ ದಾರಿಗೆ ಪ್ರಯಾಣಿಕರನ್ನು ತಂದು ಕೊಡುವ ಹಳ್ಳಿಯ ಬಸ್ಸಿಗೆ ಆ ಗಳಿಕೆಯಲ್ಲಿ ಒಂದು ಪಾಲನ್ನು ಜಮಾ ಮಾಡಲು ಬೇಕಾದದ್ದು ಮನಸ್ಸು ಮಾತ್ರ.

ಈಗ ಸರಕಾರ ಹೊರಿಸಿದ ಹೊರೆಯ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದೆ. ರಾಜ್ಯದ ಮಹಿಳೆಯರು ಸಾಮಾನ್ಯ ಬಸ್ಸುಗಳಲ್ಲಿ ಸೊನ್ನೆ ಟಿಕೆಟಿನ ಮೇಲೆ ಪ್ರಯಾಣ ಮಾಡುತ್ತಾರೆ. ಆ ಟಿಕೆಟುಗಳ ಬೆಲೆಯನ್ನು ಸರಕಾರ ನಿಗಮಗಳಿಗೆ ತುಂಬಿಕೊಡಬೇಕು. ಗಾರ್ಮೆಂಟ್ ಕೆಲಸದ ಹೆಣ್ಣುಮಗಳೂ, ತರಕಾರಿ ಮಾರುವ ತಾಯಿಯೂ ಇದರಿಂದ ಉಳಿಸಿಕೊಂಡ ಹಣ ಅವರ ಸಂಸಾರಕ್ಕೆ ಹೋಗಿದೆ. ಇದರಲ್ಲಿ ಜರೆಯುವಂಥದೇನೂ ಇಲ್ಲ. ಆದರೆ ಲೆಕ್ಕದಲ್ಲಿ ಎಚ್ಚರ ಬೇಕು. ಸೊನ್ನೆ ಟಿಕೆಟಿನ ಬೆಲೆಯನ್ನು ಆ ಡಿಪೋದ ಗಳಿಕೆಯೆಂದು ಬರೆಯದೆ ಹೋದರೆ ಹೆಚ್ಚು ಜನರನ್ನು ಹೊತ್ತ ಡಿಪೋ ಹೆಚ್ಚು ನಷ್ಟದ ಡಿಪೋ ಎನಿಸುತ್ತದೆ. ತುಂಬಿದ ಬಸ್ಸಿನಲ್ಲಿ ನಿಂತೇ ಟಿಕೆಟು ಹರಿದ ನಿರ್ವಾಹಕನ ದುಡಿಮೆ ಹೆಚ್ಚಾಗಿರುತ್ತದೆ, ಅವನ ಚೀಲದ ನಗದು ಕಡಿಮೆಯಾಗಿರುತ್ತದೆ. ಇನ್ನು ಸರಕಾರದ ಹಣ ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ ಬಾರದೆ ಬಾಕಿ ನಿಂತರೆ ನಿಗಮ ಡೀಸೆಲ್ಲಿಗೂ ಭವಿಷ್ಯನಿಧಿಗೂ ಸಾಲ ಹುಡುಕಬೇಕಾಗುತ್ತದೆ; ಆ ಸಾಲದ ಬಡ್ಡಿ ಮತ್ತೆ ಡಿಪೋಗಳ ತಲೆಯ ಮೇಲೆಯೇ ಬೀಳುತ್ತದೆ.

1950ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆಯ 22ನೆಯ ಕಲಮು ನಿಗಮ ವ್ಯವಹಾರದ ತತ್ತ್ವಗಳ ಮೇಲೆ ನಡೆಯಬೇಕು ಎನ್ನುತ್ತದೆ. ಅದೇ ಕಾಯಿದೆಯ 34ನೆಯ ಕಲಮು ನಿಗಮಕ್ಕೆ ಆದೇಶ ಕೊಡುವ ಅಧಿಕಾರವನ್ನು ರಾಜ್ಯ ಸರಕಾರಕ್ಕೆ ಕೊಡುತ್ತದೆ. ಎರಡನ್ನೂ ಕೂಡಿಸಿ ಓದಿದರೆ ಹೊಳೆಯುವ ಅರ್ಥ ಒಂದೇ: ಆಜ್ಞೆ ಮಾಡಿದವನು ಅದರ ಬೆಲೆ ಕೊಡಬೇಕು. ಊರಿಗೆ ಊಟ ಹಾಕಿಸಿದ ಪುಣ್ಯ ಯಜಮಾನನಿಗೆ, ಅಕ್ಕಿಯ ಸಾಲ ಅಡಿಗೆಯವನಿಗೆ ಎಂಬ ಪದ್ಧತಿ ಯಾವ ಊರಿನಲ್ಲಿಯೂ ಇಲ್ಲ. 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ವೇತನಕ್ಕಾಗಿ ಸುಮಾರು ಎರಡು ವಾರ ಮುಷ್ಕರ ಹೂಡಿದಾಗ ನಿಗಮಗಳ ಹಣಕಾಸಿನ ದುಃಸ್ಥಿತಿಯನ್ನೇ ಅವರ ಮುಂದೆ ಹಿಡಿಯಲಾಯಿತು. ಆ ದುಃಸ್ಥಿತಿಯಲ್ಲಿ ನೌಕರನ ಕೈಯಿಂದಾದದ್ದು ಎಷ್ಟು, ಆಜ್ಞೆಯಿಂದಾದದ್ದು ಎಷ್ಟು, ಮೇಲಿನ ಕಚೇರಿಯಿಂದಾದದ್ದು ಎಷ್ಟು ಎಂದು ಬಿಡಿಸಿ ಹೇಳುವ ಲೆಕ್ಕವೇ ಇಲ್ಲದಿದ್ದರೆ ಆ ಮಾತು ಉತ್ತರವಾಗುವುದಿಲ್ಲ, ನೆಪವಾಗುತ್ತದೆ.

ಹಾಗಾದರೆ ಡಿಪೋವನ್ನು ಯಾವುದರಿಂದ ಅಳೆಯಬೇಕು? ಅದರ ಕೈಯಲ್ಲಿರುವುದರಿಂದ ಅಳೆಯಬೇಕು. ಲೀಟರ್ ಡೀಸೆಲ್ಲಿಗೆ ಎಷ್ಟು ಕಿಲೋಮೀಟರು ಓಡಿತು, ದಾರಿಯಲ್ಲಿ ಎಷ್ಟು ಸಲ ಕೆಟ್ಟು ನಿಂತಿತು, ಎಷ್ಟು ಟ್ರಿಪ್ ರದ್ದಾಯಿತು, ಹೊತ್ತಿಗೆ ಸರಿಯಾಗಿ ಹೊರಟಿತೇ, ಟಿಕೆಟಿನ ಹಣ ಸೋರಿತೇ, ಅಪಘಾತ ಎಷ್ಟಾಯಿತು. ಇವು ಚಾಲಕ, ನಿರ್ವಾಹಕ, ಮೆಕ್ಯಾನಿಕ್, ಡಿಪೋ ಮ್ಯಾನೇಜರುಗಳ ಕೈಯಲ್ಲಿವೆ. ಟಿಕೆಟಿನ ದರ, ಡೀಸೆಲ್ಲಿನ ಬೆಲೆ, ವಾಹನ ತೆರಿಗೆ, ಸಾಲದ ಬಡ್ಡಿ, ಕೇಂದ್ರ ಕಚೇರಿಯ ಖರ್ಚು, ಯಾವ ಹಳ್ಳಿಗೆ ಬಸ್ಸು ಬಿಡಬೇಕೆಂಬ ತೀರ್ಮಾನ. ಇವು ಅವರ ಕೈಯಲ್ಲಿಲ್ಲ. ಕೈಯಲ್ಲಿರುವುದಕ್ಕೂ ಇಲ್ಲದಿರುವುದಕ್ಕೂ ಒಂದೇ ಮೊತ್ತ ಹಾಕಿ “ನಷ್ಟ” ಎಂದು ಬರೆದರೆ ಯಾರ ತಪ್ಪು ಯಾರದೆಂದು ತಿಳಿಯುವುದೇ ಇಲ್ಲ. ತಪ್ಪು ಮಾಡಿದವನಿಗೂ ಅದು ಒಳ್ಳೆಯ ಆಸರೆಯಾಗುತ್ತದೆ.

ಕಾರ್ಯಾಗಾರದ ಬಿಲ್ಲನ್ನೂ ಇದೇ ಕಣ್ಣಿನಿಂದ ನೋಡಬೇಕು. ಎಂಜಿನ್ ರಿಪೇರಿಗೆ ಎಷ್ಟು ಖರ್ಚಾಯಿತೋ ಅಷ್ಟನ್ನೂ ಡಿಪೋದ ಹೆಸರಿಗೆ ಬರೆಯುವುದಾದರೆ ಕಾರ್ಯಾಗಾರಕ್ಕೆ ಮಿತವ್ಯಯದ ಚಿಂತೆಯೇ ಇರುವುದಿಲ್ಲ. ಅಲ್ಲಿನ ಸಡಿಲಿಕೆಗೆ ಇಲ್ಲಿನ ಮೆಕ್ಯಾನಿಕ್ ತಲೆ ತಗ್ಗಿಸಬೇಕಾಗುತ್ತದೆ. ಇಂಥ ಕೆಲಸಕ್ಕೆ ಇಷ್ಟು ಎಂದು ವರ್ಷದ ಮೊದಲೇ ದರ ಗೊತ್ತುಮಾಡಿ ಆ ದರವನ್ನೇ ಡಿಪೋಗೆ ಬರೆಯಬೇಕು. ಮೇಲೆ ಹೋದದ್ದು ಕಾರ್ಯಾಗಾರದ ಹೊಣೆ, ಕೆಳಗೆ ಉಳಿದದ್ದು ಕಾರ್ಯಾಗಾರದ ಗಳಿಕೆ. ಆಗ ಇಬ್ಬರೂ ಎಚ್ಚರವಾಗಿರುತ್ತಾರೆ, ಇಬ್ಬರ ಎಚ್ಚರವೂ ಪುಸ್ತಕದಲ್ಲಿ ಕಾಣುತ್ತದೆ.

ಈಗ ಹುರುಪಿನ ಪ್ರಶ್ನೆಗೆ ಬರೋಣ. ನೂರು ಬಸ್ಸಿನ ಒಂದು ಡಿಪೋ. ಒಂದೊಂದು ಬಸ್ಸು ದಿನಕ್ಕೆ 300 ಕಿಲೋಮೀಟರು ಓಡುತ್ತದೆ. ಲೀಟರಿಗೆ 5 ಕಿಲೋಮೀಟರು ಸಿಗುತ್ತದೆ ಎನ್ನೋಣ. ಚಾಲಕರು ಜಾಣ್ಮೆಯಿಂದ ಓಡಿಸಿ, ಮೆಕ್ಯಾನಿಕ್ಕರು ಬಸ್ಸುಗಳನ್ನು ಚೆನ್ನಾಗಿ ಇಟ್ಟು ಅದನ್ನು ಐದೂಕಾಲಕ್ಕೆ ಏರಿಸಿದರೆ ದಿನಕ್ಕೆ 280 ಲೀಟರಿಗೂ ಹೆಚ್ಚು ಡೀಸೆಲ್ ಉಳಿಯುತ್ತದೆ. ಈ ಉಳಿತಾಯದಲ್ಲಿ ಅವರಿಗೆ ಏನು ಬಂತು? ಎಲ್ಲವೂ ಮೇಲಕ್ಕೆ ಹೋಗಿ, ಮುಂದಿನ ವರ್ಷ “ಐದೂಕಾಲು ನಿಮ್ಮಿಂದ ಆಗುತ್ತದೆ, ಐದೂವರೆ ತನ್ನಿ” ಎಂಬ ಹುಕುಂ ಬಂದರೆ ಯಾವ ಚಾಲಕ ಮತ್ತೆ ಶ್ರಮಪಟ್ಟಾನು? ದುಡಿದಷ್ಟೂ ಗುರಿ ಮೇಲೇರುವ ಕಡೆ ಕೈ ತಡೆದು ದುಡಿಯುವುದೇ ಜಾಣತನವಾಗುತ್ತದೆ. ಗಿರಣಿಯ ಪೀಸ್ ರೇಟಿನ ಕಾರ್ಮಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಉಳಿತಾಯದಲ್ಲಿ ಇಷ್ಟು ಪಾಲು ಡಿಪೋದ ನೌಕರರಿಗೆ, ಇಷ್ಟು ಪಾಲು ಡಿಪೋದ ವಿಶ್ರಾಂತಿ ಕೋಣೆಗೂ ನೀರಿಗೂ, ಉಳಿದದ್ದು ನಿಗಮಕ್ಕೆ ಎಂದು ಮೊದಲೇ ಬರೆದಿಡಬೇಕು. ಕೆಲವು ವರ್ಷ ಗುರಿಯನ್ನು ಮುಟ್ಟಬಾರದು. ನಿಗಮದ ಲಾಭದಲ್ಲಿ ಒಂದು ಭಾಗವನ್ನು ಪ್ರಯಾಣಿಕರ ಅನುಕೂಲಕ್ಕೂ ಕಾರ್ಮಿಕರ ಕಲ್ಯಾಣಕ್ಕೂ ಬಳಸಬಹುದೆಂದು ಆ 1950ರ ಕಾಯಿದೆಯ 30ನೆಯ ಕಲಮೇ ಹೇಳಿದೆ. ಇದು ಯಾರ ಭಿಕ್ಷೆಯೂ ಅಲ್ಲ.

ಆದರೆ ಪಾಲಿನ ಆಸೆಯನ್ನು ಒಂದೇ ಅಳತೆಗೆ ಕಟ್ಟಿಹಾಕುವುದೂ ತಪ್ಪು. ಬರಿಯ ನಗದು ಗಳಿಕೆಗೆ ಬಹುಮಾನವಿಟ್ಟರೆ ಬಸ್ಸು ಕುರಿದೊಡ್ಡಿಯಾಗುತ್ತದೆ. ಬರಿಯ ಡೀಸೆಲ್ ಉಳಿತಾಯಕ್ಕೆ ಬಹುಮಾನವಿಟ್ಟರೆ ಕೈ ತೋರಿಸಿದ ಮುದುಕಿಯ ಮುಂದೆ ಬಸ್ಸು ನಿಲ್ಲದೆ ಹೋಗುತ್ತದೆ. ಹೊತ್ತು, ಸುರಕ್ಷತೆ, ಪ್ರಯಾಣಿಕರ ದೂರು ಇವೆಲ್ಲವೂ ಅಳತೆಯೊಳಗೆ ಸೇರಬೇಕು. ಒಬ್ಬೊಬ್ಬನಿಗೆ ಬೇರೆ ಬೇರೆ ಬಹುಮಾನವಿಟ್ಟು ಚಾಲಕನನ್ನೂ ಮೆಕ್ಯಾನಿಕ್ಕನನ್ನೂ ಎದುರಾಳಿಗಳಾಗಿ ಮಾಡುವುದಕ್ಕಿಂತ ಇಡೀ ಡಿಪೋಗೆ ಕೂಡಿ ಪಾಲು ಕೊಡುವುದು ಮೇಲು.

ಇಲ್ಲಿ ಎರಡು ಕಡೆಯಿಂದ ಆಕ್ಷೇಪ ಬರುತ್ತದೆಂದು ನಾವು ಬಲ್ಲೆವು. ಮೊದಲನೆಯದು ಮೇಲಿನವರದು: “ಗಳಿಸಿದವನು ಇಟ್ಟುಕೊಳ್ಳಲಿ, ಗಳಿಸದವನು ಅನುಭವಿಸಲಿ.” ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ವರದಿ ಕೊಟ್ಟಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಅಂಥ ತಾಲೂಕಿನ ಡಿಪೋವನ್ನೂ ಬೆಂಗಳೂರಿನ ಡಿಪೋವನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ ಓಡಿ ಎನ್ನುವುದು ಕುಂಟನಿಗೂ ಕುದುರೆಗೂ ಪಂದ್ಯವಿಟ್ಟಂತೆ. ಒಂದು ಡಿಪೋವನ್ನು ಅದರದೇ ಹಿಂದಿನ ವರ್ಷದೊಡನೆ, ಅಂಥದೇ ದಾರಿಗಳ ಇನ್ನೊಂದು ಡಿಪೋದೊಡನೆ ಹೋಲಿಸಬೇಕು. ಆಗ ಬಡ ತಾಲೂಕಿನ ಡಿಪೋ ಕೂಡ ಗೆಲ್ಲಬಲ್ಲದು, ಗೆಲ್ಲುವ ಆಸೆಯಿಂದ ದುಡಿಯಬಲ್ಲದು.

ಎರಡನೆಯ ಆಕ್ಷೇಪ ನಮ್ಮವರದೇ: “ಬೇರೆ ಬೇರೆ ಲೆಕ್ಕವಿಟ್ಟರೆ ಕಾರ್ಮಿಕರು ಒಡೆಯುತ್ತಾರೆ, ಎಲ್ಲಕ್ಕೂ ಒಂದೇ ಚೀಲವಿರಲಿ.” ಈ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಲೆಕ್ಕವಿಲ್ಲದ ಒಂದೇ ಚೀಲ ಕೊನೆಗೆ ಯಾರನ್ನೂ ಕಾಯುವುದಿಲ್ಲ. ಇದಕ್ಕೆ ಸ್ಪೇನ್ ದೇಶದ ಬಾಸ್ಕ್ ಸೀಮೆಯ ಮೊಂಡ್ರಗೋನ್ ಸಹಕಾರಿ ಕಾರ್ಖಾನೆಗಳು ಒಳ್ಳೆಯ ಪಾಠ. ಅವುಗಳ ಆರಂಭ 1956ರಲ್ಲಿ, ಒಡೆಯರು ದುಡಿಯುವವರೇ. ಒಂದೊಂದು ಕಾರ್ಖಾನೆಯ ಲೆಕ್ಕ ಬೇರೆ. ಆದರೆ ಲಾಭದ ಒಂದು ಪಾಲು ಕೂಡು ನಿಧಿಗೆ ಹೋಗಿ ಕಷ್ಟದಲ್ಲಿದ್ದ ಕಾರ್ಖಾನೆಯನ್ನು ಎತ್ತುತ್ತದೆ. ಹೀಗೆ ಅವು ದಶಕಗಳ ಕಾಲ ಬಾಳಿವೆ. ಆದರೆ ಅವುಗಳಲ್ಲಿ ಮನೆಬಳಕೆಯ ಯಂತ್ರಗಳನ್ನು ಮಾಡುತ್ತಿದ್ದ ಫಾಗೋರ್ ಕಾರ್ಖಾನೆಗೆ ವರ್ಷ ವರ್ಷವೂ ನೆರವು ಹರಿದು, 2013ರಲ್ಲಿ ಉಳಿದವರು ಇನ್ನು ಸಾಧ್ಯವಿಲ್ಲ ಎಂದರು, ಅದು ದಿವಾಳಿಯಾಯಿತು. ಆಗಲೂ ಅದರ ಸದಸ್ಯರಲ್ಲಿ ಅನೇಕರಿಗೆ ಉಳಿದ ಸಹಕಾರಿಗಳು ಕೆಲಸ ಕೊಟ್ಟವು. ನೆರವು ಬೇಕು, ಅದರ ಜೊತೆಗೆ ರೋಗ ಎಲ್ಲಿದೆಯೆಂದು ಹೇಳುವ ನಿಜವಾದ ಲೆಕ್ಕವೂ ಬೇಕು. ಒಂದನ್ನು ಬಿಟ್ಟು ಇನ್ನೊಂದು ನಿಲ್ಲುವುದಿಲ್ಲ.

ನಿಯಮ ಎಲ್ಲರಿಗೂ ಮೊದಲೇ ತಿಳಿದಿದ್ದರೆ ನಂಬಿಕೆ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಹಳ್ಳಿಗಳ ಹಾಲಿನ ಡೇರಿಯನ್ನು ನೋಡಿ. ಹಳ್ಳಿಯ ಸಂಘ, ಜಿಲ್ಲೆಯ ಒಕ್ಕೂಟ, ರಾಜ್ಯದ ಮಹಾಮಂಡಳ ಎಂದು ಮೂರು ಅಂತಸ್ತು. ಹಾಲು ಹಾಕುವ ರೈತ ಹೆಂಗಸಿನ ಮುಂದೆಯೇ ಅಳತೆಯಾಗುತ್ತದೆ, ಜಿಡ್ಡಿನ ಅಂಶದ ಪರೀಕ್ಷೆಯಾಗುತ್ತದೆ. ಇಂಥ ಹಾಲಿಗೆ ಇಷ್ಟು ಎಂಬ ದರ ಅವಳಿಗೆ ಗೊತ್ತಿರುತ್ತದೆ. ದರ ಸಾಲದು ಎಂದು ಅವಳು ಜಗಳವಾಡಿಯಾಳು. ಆದರೆ ಲೆಕ್ಕ ಕತ್ತಲೆಯಲ್ಲಾಯಿತು ಎನ್ನಲಾರಳು. ಗಿರಣಿಯ ಕಾರ್ಮಿಕನಿಗೂ ಡಿಪೋದ ನೌಕರನಿಗೂ ಇಷ್ಟಾದರೂ ಬೇಡವೆ?

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಒಂದು: ಪ್ರತಿ ಘಟಕಕ್ಕೂ ಅದರ ಕೈಯಲ್ಲಿರುವ ಗಳಿಕೆ ಖರ್ಚಿನ ಲೆಕ್ಕ ಬೇರೆ, ಮೇಲಿನಿಂದ ಬಂದ ಹೊರೆಯ ಲೆಕ್ಕ ಬೇರೆ ಇರಬೇಕು, ಮೊದಲನೆಯದರಿಂದ ಮಾತ್ರ ಆ ಘಟಕದ ಕೆಲಸವನ್ನು ಅಳೆಯಬೇಕು. ಎರಡು: ಹಂಚಿಕೆಯ ನಿಯಮವನ್ನು ವರ್ಷದ ಆರಂಭದಲ್ಲಿ ಗೊತ್ತುಮಾಡಬೇಕು, ವರ್ಷ ಮುಗಿದ ಮೇಲೆ ತಿದ್ದಬಾರದು. ಮೂರು: ಸರಕಾರ ಹೊರಿಸಿದ ರಿಯಾಯಿತಿಯ ಹಣವನ್ನು ಸರಕಾರ ತಿಂಗಳು ತಿಂಗಳೂ ತುಂಬಿಕೊಡಬೇಕು, ಅದು ಆ ಸೇವೆ ಮಾಡಿದ ಡಿಪೋದ ಹೆಸರಿಗೆ ಜಮಾ ಆಗಬೇಕು. ನಾಲ್ಕು: ಉಳಿತಾಯದಲ್ಲಿ ದುಡಿದವರ ಪಾಲು ಬರವಣಿಗೆಯಲ್ಲಿರಬೇಕು. ಐದು: ಘಟಕದ ಲೆಕ್ಕವನ್ನು ಕನ್ನಡದಲ್ಲಿ ನೋಟೀಸು ಬೋರ್ಡಿನ ಮೇಲೆ ಹಾಕಬೇಕು, ನಿಯಮ ಗೊತ್ತುಮಾಡುವ ಮೇಜಿನಲ್ಲಿ ಕಾರ್ಮಿಕರ ಪ್ರತಿನಿಧಿಗೂ ಒಂದು ಕುರ್ಚಿ ಇರಬೇಕು.

ಇದರಲ್ಲಿ ಬೊಕ್ಕಸ ಬರಿದಾಗುವ ಬೇಡಿಕೆ ಒಂದೂ ಇಲ್ಲ. ಕಾರ್ಮಿಕ ಸಂಘಗಳಿಗೂ ನಮ್ಮದೊಂದು ಮಾತಿದೆ. ವೇತನದ ಪಟ್ಟಿಯನ್ನು ಓದಲು ನಾವು ಕಲಿತಿದ್ದೇವೆ; ಇನ್ನು ಮೇಲೆ ಹಂಚಿಕೆಯ ಪಟ್ಟಿಯನ್ನೂ ಓದಲು ಕಲಿಯಬೇಕು. “ನಿಮ್ಮ ವಿಭಾಗ ನಷ್ಟದಲ್ಲಿದೆ” ಎಂದು ಯಾರಾದರೂ ಹೇಳಿದಾಗ ತಲೆ ತಗ್ಗಿಸಿ ಹಿಂತಿರುಗಬೇಡಿ. ನೂಲಿಗೆ ಯಾವ ಬೆಲೆ ಬರೆದಿರಿ, ಮೇಲಿನ ಕಚೇರಿಯ ಖರ್ಚನ್ನು ಯಾವ ಪ್ರಮಾಣದಲ್ಲಿ ಹಾಕಿದಿರಿ, ಸರಕಾರದ ಬಾಕಿಯನ್ನು ಎಲ್ಲಿ ತೋರಿಸಿದಿರಿ ಎಂದು ಕೇಳಿ. ಉತ್ತರ ಬಂದರೆ ಅದನ್ನು ಕೂಡಿ ಕುಳಿತು ಪರೀಕ್ಷಿಸಿ. ನಮ್ಮ ಕಡೆಯ ಸಡಿಲಿಕೆ ಅದರಲ್ಲಿ ಕಂಡರೆ ತಿದ್ದಿಕೊಳ್ಳೋಣ. ಉತ್ತರ ಬಾರದಿದ್ದರೆ ಆ ನಷ್ಟವನ್ನು ನಮ್ಮ ತಲೆಗೆ ಕಟ್ಟುವ ಅಧಿಕಾರ ಯಾರಿಗೂ ಇಲ್ಲ.